ಸಣ್ಣ ಉದ್ದಿಮೆ ಮತ್ತು ರಾಜ್ಯದ ಆಸರೆ: ಸ್ವಾರಗೇಟದಿಂದ ಒಂದು ನೋಟ

ಅಭಿವೃದ್ಧಿಶೀಲ ದೇಶಗಳಲ್ಲಿ ಸಣ್ಣ ಉದ್ದಿಮೆಗಳಿಗೆ ಸರಕಾರ ನೀಡುವ ನೆರವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಬಂಡವಾಳದ ಸುತ್ತಲೇ ನಡೆಯುತ್ತದೆ. ಸಾಲ, ಬಡ್ಡಿ, ಸಹಾಯಧನ ಇವೇ ಅದರ ಮುಖ್ಯ ಪದಗಳು. ಆದರೆ ಹೊಸದೊಂದನ್ನು ಮಾಡಲು ಹೊರಟವನಿಗೆ ಹಣದಷ್ಟೇ ಅಗತ್ಯವಾದ ಬೇರೆ ಮೂರು ಆಸರೆಗಳಿವೆ: ಪ್ರಯೋಗಕ್ಕೆ ಅವಕಾಶ, ನೆಲೆಯೂರಲು ಜಾಗ, ತಿಳಿವಳಿಕೆಯನ್ನು ಹಂಚುವ ಭಾಷೆ. ಪುಣೆಯ ಸ್ವಾರಗೇಟದಿಂದ ಹೊರಟು ಕನ್ನಡ ನಾಡನ್ನು ಮುಟ್ಟುವ ಮೂರು ನಿದರ್ಶನಗಳು ಇದನ್ನು ಸ್ಪಷ್ಟಪಡಿಸುತ್ತವೆ.

ಸ್ವಾರಗೇಟದ ಬದಿಯಲ್ಲಿ ಸಾಗುವ ಮುಠಾ ಬಲದಂಡೆ ಕಾಲುವೆಯ ನೀರು ಖಡಕವಾಸಲಾ ಜಲಾಶಯದ್ದು. ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಮೊದಲು ಅಳವಡಿಸಿದ್ದು ಅಲ್ಲಿಯೇ. ನೀರು ನಿಗದಿತ ಮಟ್ಟಕ್ಕೇರಿದೊಡನೆ ತಾವಾಗಿ ತೆರೆದು, ಇಳಿದೊಡನೆ ಮುಚ್ಚಿಕೊಳ್ಳುವ ಈ ಬಾಗಿಲುಗಳಿಂದ, ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಸಂಗ್ರಹಿಸುವುದು ಸಾಧ್ಯವಾಯಿತು. ಈ ವಿನ್ಯಾಸಕ್ಕೆ ಅವರು ಪೇಟೆಂಟನ್ನೂ ಪಡೆದರು. ಕಾಗದದ ಮೇಲಿನ ಕಲ್ಪನೆಯನ್ನು ಒರೆಗೆ ಹಚ್ಚಲು ನಿಜವಾದ ಅಣೆಕಟ್ಟೊಂದು ದೊರೆಯಿತೆಂಬುದು ಇಲ್ಲಿ ಮುಖ್ಯ. ಇಲಾಖೆಯ ಹೊರಗಿನ ಕುಶಲಿಗೆ ಇಂಥ ಅವಕಾಶ ಸುಲಭವಾಗಿ ದಕ್ಕದು.

ಸ್ವಾರಗೇಟದಿಂದ ದಕ್ಷಿಣಕ್ಕೆ ಹೊರಡುವ ಸಾತಾರಾ ರಸ್ತೆ ಕೊಲ್ಲಾಪುರವನ್ನು ದಾಟಿ ಬೆಳಗಾವಿಯ ಕಡೆಗೆ ಸಾಗುತ್ತದೆ. ಎರಡನೆಯ ನಿದರ್ಶನ ಆ ದಾರಿಯದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ತೆರೆದರು. ಮುಂದೆ ಮೇವು ಕತ್ತರಿಸುವ ಯಂತ್ರ ಹಾಗೂ ಕಬ್ಬಿಣದ ನೇಗಿಲುಗಳ ತಯಾರಿಕೆಗೆ ಕೈಹಾಕಿದರು. ಕಬ್ಬಿಣ ತಾಗಿದರೆ ಭೂಮಿ ಕೆಡುತ್ತದೆಂದು ರೈತರು ಶಂಕಿಸಿದ್ದರಿಂದ ನೇಗಿಲು ಬಿಕರಿಯಾಗಲು ಬಹುಕಾಲ ಹಿಡಿಯಿತು. ಅಷ್ಟರಲ್ಲಿ ಊರಿನ ವಿಸ್ತರಣೆಗಾಗಿ ಜಾಗವನ್ನು ತೆರವು ಮಾಡಬೇಕೆಂದು ಪುರಸಭೆ ಸೂಚಿಸಿತು. ಆಗ ನೆಲವನ್ನೂ ಸಾಲವನ್ನೂ ಕೊಟ್ಟು ಕರೆದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. 1910ರಲ್ಲಿ ಆ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಅದೇ ಮನೆತನದ ಉದ್ದಿಮೆ 1941ರಲ್ಲಿ ಹರಿಹರಕ್ಕೂ 1946ರಲ್ಲಿ ಪುಣೆಗೂ ಬಂದಿತು. ಒಂದು ಆಡಳಿತ ಎಬ್ಬಿಸಿದ ಕಾರ್ಖಾನೆಯನ್ನು ಇನ್ನೊಂದು ಆಡಳಿತ ನೆಲೆಗೊಳಿಸಿದ ಈ ಘಟನೆ, ಸಾಲವೊಂದೇ ಆಸರೆಯಲ್ಲವೆಂಬುದನ್ನು ತೋರಿಸುತ್ತದೆ.

ಮೂರನೆಯ ನಿದರ್ಶನ ಮೈಸೂರಿನದು. ವಿಶ್ವೇಶ್ವರಯ್ಯನವರು ಮೈಸೂರಿನ ಸೇವೆಗೆ ಬಂದ ಮೇಲೆ, 1911ರಲ್ಲಿ ಸಂಪದಭ್ಯುದಯ ಸಮಾಜ ಆರಂಭವಾಯಿತು. ವ್ಯವಸಾಯ, ಕೈಗಾರಿಕೆ ಮತ್ತು ವಾಣಿಜ್ಯ, ವಿದ್ಯಾಭ್ಯಾಸ ಇವು ಅದರ ಕಾರ್ಯಕ್ಷೇತ್ರಗಳು. 1913ರಲ್ಲಿ ಮೈಸೂರು ಬ್ಯಾಂಕು ಸ್ಥಾಪನೆಯಾಯಿತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಜನ್ಮ ತಳೆದದ್ದು ಇದೇ ಸಮಾಜದ ಆಲೋಚನೆಯ ಫಲವಾಗಿ. ನಾಡಿನ ಸಂಪತ್ತನ್ನು ಹೆಚ್ಚಿಸಹೊರಟವರು ಭಾಷೆಯ ಏಳಿಗೆಯನ್ನು ಆ ಕಾರ್ಯದ ಅಂಗವೆಂದೇ ಭಾವಿಸಿದ್ದರು.

ಸ್ವಾತಂತ್ರ್ಯಾನಂತರ ಮೊದಲಿನ ಎರಡು ಆಸರೆಗಳಿಗೆ ಸಾಂಸ್ಥಿಕ ರೂಪ ದೊರೆಯಿತು. 1955ರಲ್ಲಿ ಡಿ. ಜಿ. ಕರ್ವೆ ಸಮಿತಿ ಸಣ್ಣ ಕೈಗಾರಿಕೆಗಳ ಮಹತ್ವವನ್ನು ಪ್ರತಿಪಾದಿಸಿತು. ಅದೇ ವರ್ಷ ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮ ಹುಟ್ಟಿತು. ಕೈಗಾರಿಕಾ ವಸಾಹತುಗಳು ಎದ್ದವು. 1990ರಲ್ಲಿ ಸಣ್ಣ ಕೈಗಾರಿಕೆಗಳಿಗೆಂದೇ ಅಭಿವೃದ್ಧಿ ಬ್ಯಾಂಕು ಬಂದಿತು. ಸಣ್ಣ ಉತ್ಪಾದಕರಿಗೆ ಸಲ್ಲಬೇಕಾದ ಹಣವನ್ನು ಹೆಚ್ಚೆಂದರೆ 45 ದಿನಗಳಲ್ಲಿ ಪಾವತಿ ಮಾಡಬೇಕೆಂದು 2006ರ ಕಾಯಿದೆ ವಿಧಿಸಿತು. ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ಆವರಣದಲ್ಲಿ ಹೊಸ ಉದ್ಯಮಗಳನ್ನು ಪೋಷಿಸುವ ಕೇಂದ್ರವೂ ಬೆಳೆದಿದೆ.

ಮೂರನೆಯ ಆಸರೆ ಮಾತ್ರ ಹಿಂದುಳಿದಿದೆ. ಭಾರತದಲ್ಲಿ ಪೇಟೆಂಟಿನ ಅರ್ಜಿಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿಯೇ ಸಲ್ಲಿಸಬೇಕು. ಪೀಣ್ಯದ ಲೇತಿನ ಮುಂದೆ ನಿಂತು ಕನ್ನಡದಲ್ಲಿ ಯೋಚಿಸುವ ಕೆಲಸಗಾರ ಹೊಸ ಉಪಕರಣವೊಂದನ್ನು ರೂಪಿಸಿದರೆ, ಅದು ತನ್ನದೆಂದು ಸ್ಥಾಪಿಸಲು ಪರಭಾಷೆಯ ಮಧ್ಯವರ್ತಿಯನ್ನು ಅವಲಂಬಿಸಬೇಕಾಗುತ್ತದೆ. ಅವನು ಬಳಸುವ ಕಸುಬಿನ ಪದಗಳನ್ನು ಸಂಗ್ರಹಿಸಿ, ಅರ್ಥವನ್ನು ಖಚಿತಗೊಳಿಸಿ, ಕಾನೂನಿನ ಬರವಣಿಗೆಗೆ ಒದಗುವಂತೆ ಮಾಡುವುದು ಕನ್ನಡ ಅಧ್ಯಯನ ವಿಭಾಗಗಳಿಂದ ಆಗಬಹುದಾದ ಕೆಲಸ. 1911ರ ಸಮಾಜ ಒಂದುಗೂಡಿಸಿದ್ದ ಉದ್ಯಮ ಮತ್ತು ಭಾಷೆಗಳು ಮತ್ತೆ ಜೊತೆಗೂಡಿದಾಗಲೇ ಸರಕಾರದ ನೆರವು ಸಣ್ಣವರ ಕೈಗೆ ಪೂರ್ಣವಾಗಿ ತಲುಪೀತು.