‘ಹೊಡೆದಿಲ್ಲವಲ್ಲ’ ಎಂದರೆ ಸಾಲದು: ಶಾಲೆಯಲ್ಲಿ ಮಗುವಿನ ಮನಸ್ಸಿಗೂ ಕಾನೂನಿನ ರಕ್ಷಣೆಯಿದೆ

ಎರಡನೇ ತರಗತಿಯ ಮಗು ಶಾಲೆಗೆ ಹೋಗಲ್ಲ ಎಂದು ಹಟ ಹಿಡಿದರೆ ಮನೆಯವರು ಮೊದಲು ಗದರುತ್ತಾರೆ, ಆಮೇಲೆ ಚಾಕೊಲೇಟಿನ ಆಸೆ ತೋರಿಸುತ್ತಾರೆ. ಸಮಾಧಾನವಾಗಿ ಕೇಳಿದರೆ ನಿಜ ಹೊರಬರುತ್ತದೆ: ಮಗ್ಗಿ ತಪ್ಪಿದ್ದಕ್ಕೆ ಇಡೀ ತರಗತಿಯಿಂದ ‘ದಡ್ಡ’ ಎಂದು ಕೂಗಿಸಿದ್ದಾರೆ. ಶಾಲೆಯಲ್ಲಿ ವಿಚಾರಿಸಿದರೆ ಸಿಗುವ ಉತ್ತರ ಒಂದೇ: ‘ನಾವೇನೂ ಹೊಡೆದಿಲ್ಲವಲ್ಲ!’ ಕಾನೂನಿನ ಮುಂದೆ ಈ ಉತ್ತರ ನಿಲ್ಲುವುದಿಲ್ಲ.

ಕಾನೂನು ಏನು ಹೇಳುತ್ತದೆ?

6ರಿಂದ 14 ವರ್ಷದ ಮಕ್ಕಳಿಗಾಗಿ ಬಂದ ಶಿಕ್ಷಣ ಹಕ್ಕು ಕಾಯ್ದೆ–2009ರ ಸೆಕ್ಷನ್ 17 ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ಒಂದೇ ವಾಕ್ಯದಲ್ಲಿ ನಿಷೇಧಿಸಿದೆ. ಇದನ್ನು ಮೀರಿದ ಶಿಕ್ಷಕರ ಮೇಲೆ ಸೇವಾ ನಿಯಮಗಳ ಪ್ರಕಾರ ಶಿಸ್ತು ಕ್ರಮ ಆಗಬೇಕು. ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತವಾಗಿಡುವುದು ಮತ್ತು ಅನಿಸಿದ್ದನ್ನು ಅದು ಮುಕ್ತವಾಗಿ ಹೇಳಲು ನೆರವಾಗುವುದು ಪಠ್ಯಕ್ರಮದ ಗುರಿಗಳಲ್ಲೇ ಸೇರಿವೆ (ಸೆಕ್ಷನ್ 29). ‘ಟಿಸಿ ಕೊಟ್ಟು ಕಳಿಸಿಬಿಡುತ್ತೇವೆ’ ಎಂಬ ಬೆದರಿಕೆಗೂ ಹೆದರಬೇಕಿಲ್ಲ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ.

ಖಾಸಗಿ ಶಾಲೆಗಳಿಗೂ ಈ ನಿಯಮಗಳು ಅನ್ವಯಿಸುತ್ತವೆ. 2014ರ ಸುಪ್ರೀಂ ಕೋರ್ಟ್ ತೀರ್ಪು ಅಲ್ಪಸಂಖ್ಯಾತ ಸಂಸ್ಥೆಗಳನ್ನು ಈ ಕಾಯ್ದೆಯಿಂದ ಹೊರಗಿಟ್ಟಿತು. ಆದರೆ ಬಾಲನ್ಯಾಯ ಕಾಯ್ದೆ–2015 ಅವಕ್ಕೂ ಅನ್ವಯಿಸುತ್ತದೆ. ಮಗುವಿನ ಹೊಣೆ ಹೊತ್ತವರು ಅದಕ್ಕೆ ಅನಗತ್ಯ ದೈಹಿಕ ಅಥವಾ ಮಾನಸಿಕ ಯಾತನೆಯಾಗುವಂತೆ ಕ್ರೌರ್ಯ ಎಸಗಿದರೆ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 75ರಡಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು.

ಯಾವುದು ಕಿರುಕುಳ?

‘ಮಾನಸಿಕ ಕಿರುಕುಳ’ ಎಂದರೇನು ಎಂಬುದನ್ನು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ವಿವರಿಸುತ್ತದೆ. ಅಡ್ಡಹೆಸರಿಟ್ಟು ಕರೆಯುವುದು, ವ್ಯಂಗ್ಯ, ಬೆದರಿಕೆ, ಜಾತಿಯನ್ನೋ ಅಪ್ಪ ಅಮ್ಮನ ಕೆಲಸವನ್ನೋ ಎತ್ತಿ ಆಡುವುದು, ಕಲಿಕೆಯಲ್ಲಿ ಹಿಂದುಳಿದದ್ದಕ್ಕೆ ಎಲ್ಲರೆದುರು ನಾಚಿಕೆಪಡಿಸುವುದು ಎಲ್ಲವೂ ಇದರಲ್ಲಿ ಬರುತ್ತವೆ. ಫೀಸು ಕಟ್ಟದ ಮಗುವನ್ನು ತರಗತಿಯ ಹೊರಗೆ ನಿಲ್ಲಿಸಿದರೆ ಬಾಕಿ ಉಳಿಸಿಕೊಂಡವರು ಪೋಷಕರು, ಅವಮಾನ ಮಗುವಿಗೆ. ಬಸ್ಕಿ ಹೊಡೆಸುವುದು, ಬೆಂಚಿನ ಮೇಲೆ ನಿಲ್ಲಿಸುವುದು ಹಳೆಯ ಕಾಲದ ರೂಢಿ ಎಂಬ ಕಾರಣಕ್ಕೆ ಕಾನೂನುಬದ್ಧವಾಗುವುದಿಲ್ಲ.

ಹಾಗೆಂದು, ಹೋಮ್‌ವರ್ಕ್ ತಿದ್ದಿದ್ದು, ಗಲಾಟೆ ಮಾಡಿದವರ ಜಾಗ ಬದಲಿಸಿದ್ದು ಕಿರುಕುಳವಲ್ಲ. ಶಿಸ್ತಿನ ಹೆಸರಿನಲ್ಲಿ ಮಗುವಿನ ಮಾನ ಕಳೆದಿದ್ದಾರೆಯೇ ಎಂಬುದಷ್ಟೇ ಪ್ರಶ್ನೆ.

ಶಾಲೆಯಲ್ಲಿ ಆಪ್ತಸಮಾಲೋಚಕರು ಇದ್ದಾರೆಯೇ?

2025ರ ಜುಲೈ 25ರಂದು ಸುಕ್‌ದೇಬ್ ಸಾಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾನಸಿಕ ಆರೋಗ್ಯವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿತು. ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿಗಳನ್ನೂ ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ಅರ್ಹತೆಯುಳ್ಳ ಒಬ್ಬ ಆಪ್ತಸಮಾಲೋಚಕರಾದರೂ, ಮನಶ್ಶಾಸ್ತ್ರಜ್ಞರಾದರೂ, ಸಮಾಜ ಕಾರ್ಯಕರ್ತರಾದರೂ ಇರಬೇಕು. ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರ ಸಂಪರ್ಕ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಸಹಪಾಠಿಗಳ ಪೀಡನೆಯ ಬಗ್ಗೆ ಗುಟ್ಟಾಗಿ ದೂರು ಹೇಳಿಕೊಳ್ಳಲು ವ್ಯವಸ್ಥೆ ಇರಬೇಕು. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವಂತಿಲ್ಲ.

ಮಗುವನ್ನು ‘ದಡ್ಡ’ ಎನ್ನುವ ಮೊದಲು ಇದನ್ನೂ ಗಮನಿಸಬೇಕು: ಅಕ್ಷರಗಳು ತಿರುವುಮುರುವಾಗುವುದು, ಓದಲು ಹೋದರೆ ತಡವರಿಸುವುದು ಸೋಮಾರಿತನವಲ್ಲದೆಯೂ ಇರಬಹುದು. ಅಂಗವಿಕಲರ ಹಕ್ಕುಗಳ ಕಾಯ್ದೆ–2016 ನಿರ್ದಿಷ್ಟ ಕಲಿಕಾ ನ್ಯೂನತೆ ಮತ್ತು ಆಟಿಸಂ ಎರಡನ್ನೂ ಅಂಗವೈಕಲ್ಯವೆಂದು ಗುರುತಿಸಿದೆ. ಅಂಥ ಮಗುವಿಗೆ ಬೇಕಾದ ಅನುಕೂಲ ಒದಗಿಸುವುದು ಶಾಲೆಯ ಕರ್ತವ್ಯ.

ದೂರು ಕೊಡುವ ಬಗೆ

1. ಮೊದಲು ಮಗುವಿನ ಮಾತು ಕೇಳಿ, ಅದೇ ದಿನ ಬರೆದಿಡಿ. ‘ಮಗುವಿಗೆ ಹಿಂಸೆ ಕೊಡುತ್ತಿದ್ದಾರೆ’ ಎಂದರೆ ಯಾರೂ ತನಿಖೆ ಮಾಡಲಾರರು. ‘ಇಂಥ ದಿನಾಂಕದ ಮೂರನೇ ಪೀರಿಯಡ್‌ನಲ್ಲಿ, ಗಣಿತದ ತರಗತಿಯಲ್ಲಿ, ಮಗ್ಗಿ ತಪ್ಪಿದ್ದಕ್ಕೆ ಉಳಿದ ಮಕ್ಕಳಿಂದ ದಡ್ಡ ಎಂದು ಕೂಗಿಸಿದರು’ ಎಂದು ಬರೆದರೆ ತನಿಖೆಗೆ ದಾರಿ ಸಿಗುತ್ತದೆ. ಮಗುವಿಗೆ ಉತ್ತರ ಹೇಳಿಕೊಡಬೇಡಿ, ಮತ್ತೆ ಮತ್ತೆ ಕೆದಕಬೇಡಿ.

2. ಮುಖ್ಯಶಿಕ್ಷಕರಿಗೆ ಲಿಖಿತ ಮನವಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಗಮನಕ್ಕೂ ತನ್ನಿ.

3. ಅಲ್ಲಿ ಕೆಲಸವಾಗದಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 32ರಡಿ ಸ್ಥಳೀಯ ಪ್ರಾಧಿಕಾರಕ್ಕೆ ದೂರು ಬರೆದು, ಕ್ಷೇತ್ರ ಶಿಕ್ಷಣಾಧಿಕಾರಿ ಅಂದರೆ ಬಿಇಒ ಕಚೇರಿಗೆ ಪ್ರತಿ ಕೊಡಿ. ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ಅದು ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ವಿಚಾರಣೆ ನಡೆಸುವಾಗ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರ ಆಯೋಗಕ್ಕಿದೆ.

ಕಾಯಬಾರದ ಸಂದರ್ಭ

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಮೇಲಿನ ಮೆಟ್ಟಿಲುಗಳನ್ನು ಬದಿಗಿಟ್ಟು ನೇರವಾಗಿ ಪೊಲೀಸರ ಬಳಿ ಹೋಗಿ. ಪೋಕ್ಸೊ ಕಾಯ್ದೆ–2012ರ ಪ್ರಕಾರ ವಿಷಯ ಗೊತ್ತಿದ್ದವರು ತಿಳಿಸಲೇಬೇಕು. ‘ಶಾಲೆಯ ಹೆಸರು ಕೆಡುತ್ತದೆ’ ಎಂದು ಮುಚ್ಚಿಡುವುದೇ ಅಪರಾಧ. ಮಗುವನ್ನು ಠಾಣೆಗೆ ಕರೆದೊಯ್ಯಬೇಕಿಲ್ಲ. ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ, ಸಮವಸ್ತ್ರ ಧರಿಸದ ಪೊಲೀಸ್ ಅಧಿಕಾರಿ ಹೇಳಿಕೆ ಪಡೆಯಬೇಕು. ಸಾಧ್ಯವಾದಷ್ಟೂ ಅವರು ಮಹಿಳೆಯಾಗಿರಬೇಕು.

ಈ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ: ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ–ಮನಸ್ 14416, ಕಾನೂನು ನೆರವಿಗೆ 15100. ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ.

ದೂರಿಗೂ ಮುಂಚೆ

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ ಆಶಯ. ಆದರೆ ಸಭೆಗಳಲ್ಲಿ ಚರ್ಚೆ ಕಾಂಪೌಂಡು, ಶೌಚಾಲಯ, ಬಿಸಿಯೂಟ ದಾಟಿ ಮುಂದೆ ಹೋಗುವುದು ಅಪರೂಪ. ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ಮಗು ಗುಟ್ಟಾಗಿ ದೂರು ಹೇಳಲು ಯಾವ ವ್ಯವಸ್ಥೆ ಇದೆ? ಆಪ್ತಸಮಾಲೋಚಕರು ಯಾರು? ಶಿಕ್ಷಕರ ತರಬೇತಿ ಕಳೆದ ಸಲ ಯಾವಾಗ ಆಯಿತು? ಉತ್ತರಗಳನ್ನು ನಡಾವಳಿಯಲ್ಲಿ ಬರೆಸಿ. ಗ್ರಾಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆದಾಗ ಇದೇ ಪ್ರಶ್ನೆಗಳನ್ನು ಮಕ್ಕಳೇ ಎತ್ತಬಹುದು. ಬಾಯಿಮಾತಿನ ಭರವಸೆಯನ್ನು ಶಾಲೆ ಮರೆಯಬಹುದು, ನಡಾವಳಿಯಲ್ಲಿ ದಾಖಲಾದದ್ದಕ್ಕೆ ಉತ್ತರ ಕೊಡಲೇಬೇಕು.