ಅಹಿಫೇನವೂ ಕ್ಯಾಂಟನ್ ನಗರವೂ : ಹೊಣೆಯ ವಿಚಾರ

ಅಫೀಮಿಗೆ ಸಂಸ್ಕೃತದಲ್ಲಿ ‘ಅಹಿಫೇನ’ವೆಂಬ ಹೆಸರುಂಟು. ಅಹಿಯೆಂದರೆ ಸರ್ಪ, ಫೇನವೆಂದರೆ ನೊರೆ. ಗ್ರೀಕ್ ಮೂಲದಿಂದ ಅರಬ್ಬಿಯ ಮಾರ್ಗವಾಗಿ ಬಂದ ಶಬ್ದವನ್ನು ಪೂರ್ವಿಕರು ಹೀಗೆ ಸಂಸ್ಕರಿಸಿಕೊಂಡರೆಂದು ಭಾಷಾಜ್ಞರು ಹೇಳುತ್ತಾರೆ. ನಿರುಕ್ತಿ ಹೇಗೇ ಇರಲಿ, ಅರ್ಥ ಮಾತ್ರ ಯಥಾರ್ಥವಾಗಿದೆ. ಈ ಹಾವಿನ ನೊರೆಯಿಂದ ಒಂದು ಮಹಾನಗರವು ಕೆಡುತ್ತಿದ್ದಾಗ, ಆ ಕೇಡಿಗೆ ಹೊಣೆ ಯಾರೆಂಬ ಚರ್ಚೆ ಚೀನಾದ ರಾಜಸಭೆಯಲ್ಲಿ ನಡೆಯಿತು. ನಗರಗಳ ಮಾದಕದ್ರವ್ಯ, ಅಪರಾಧಗಳ ವಿಷಯದಲ್ಲಿ ಇಂದು ಒಬ್ಬರತ್ತ ಒಬ್ಬರು ಬೆರಳು ತೋರಿಸುತ್ತಿರುವಾಗ ವಿದ್ಯಾರ್ಥಿಗಳು ಆ ವೃತ್ತಾಂತವನ್ನು ಅರಿಯುವುದು ಯುಕ್ತವಾಗಿದೆ.

ಕ್ಯಾಂಟನ್ (ಇಂದಿನ ಗುವಾಂಗ್‌ಜೌ) ದಕ್ಷಿಣ ಚೀನಾದ ರೇವುಪಟ್ಟಣ. ಅಫೀಮಿನ ಮಾರಾಟವನ್ನು ಚಕ್ರವರ್ತಿಯು 1729ರಲ್ಲಿಯೇ ನಿಷೇಧಿಸಿದ್ದನು. ಆದರೂ ಪರದೇಶದ ಹಡಗುಗಳು ಲಿಂಟಿನ್ ದ್ವೀಪದ ಬಳಿ ಲಂಗರು ಹಾಕುತ್ತಿದ್ದವು. ವೇಗದ ದೋಣಿಗಳು ಪೆಟ್ಟಿಗೆಗಳನ್ನು ದಡಕ್ಕೆ ಸಾಗಿಸುತ್ತಿದ್ದವು. ಸುಂಕದವರು ಲಂಚ ಪಡೆದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ದೇಶದ ಬೆಳ್ಳಿಯೆಲ್ಲ ಹೊರಗೆ ಹರಿಯತೊಡಗಿತು.

1836ರಲ್ಲಿ ಷು ನೈಜಿ ಎಂಬ ಅಧಿಕಾರಿ ಚಕ್ರವರ್ತಿಗೆ ಬಿನ್ನವಿಸಿಕೊಂಡನು. ಕಳ್ಳಸಾಗಣೆಗೂ ಲಂಚಕ್ಕೂ ನಿಷೇಧವೇ ತಾಯಿ, ಆದ್ದರಿಂದ ಆಮದನ್ನು ಸಕ್ರಮಗೊಳಿಸಿ ಸುಂಕ ವಿಧಿಸಬೇಕು ಎಂಬುದು ಅವನ ವಾದ. ಅಧಿಕಾರಿಗಳು, ವಿದ್ವಾಂಸರು, ಸೈನಿಕರು ಮಾತ್ರ ಸೇದಕೂಡದು. ಸಾಮಾನ್ಯ ಜನರು ಸೇದಿದರೆ ಅಡ್ಡಿಯಿಲ್ಲ! ಜನಸಾಮಾನ್ಯರನ್ನು ಎಷ್ಟು ಸುಲಭವಾಗಿ ಲೆಕ್ಕದಿಂದ ಬಿಟ್ಟ ವಿವೇಕವಿದು! 1838ರಲ್ಲಿ ಹುವಾಂಗ್ ಜುಯೆಜಿ ಎಂಬವನು ಇದಕ್ಕೆ ವಿರುದ್ಧವಾದ ಪಕ್ಷವನ್ನು ಹಿಡಿದನು. ಸೇದುವವನಿಲ್ಲದಿದ್ದರೆ ಮಾರುವವನಿಲ್ಲ, ಒಂದು ವರ್ಷ ಅವಧಿ ಕೊಟ್ಟು, ಆಮೇಲೂ ಬಿಡದವನಿಗೆ ಮರಣದಂಡನೆ ವಿಧಿಸಬೇಕು. ಬಲಿಷ್ಠರನ್ನು ಬಿಟ್ಟು ಬಲಹೀನನ ಕೊರಳನ್ನು ಹುಡುಕಿದ ನ್ಯಾಯವಿದು.

ಲಿನ್ ಜೆಷು (1785–1850) ಈ ಕಠಿಣ ಪಕ್ಷವನ್ನೇ ಬೆಂಬಲಿಸಿದನಾದರೂ, ವ್ಯಸನ ಬಿಡಿಸುವ ಔಷಧಯೋಗಗಳನ್ನೂ ತನ್ನ ಬಿನ್ನಹಕ್ಕೆ ಸೇರಿಸಿದ್ದನು. 1839ರ ಮಾರ್ಚಿಯಲ್ಲಿ ರಾಜಪ್ರತಿನಿಧಿಯಾಗಿ ಕ್ಯಾಂಟನ್ನಿಗೆ ಬಂದವನು ವರ್ತಕರಿಂದ 20,000ಕ್ಕೂ ಮಿಕ್ಕ ಪೆಟ್ಟಿಗೆಗಳನ್ನು ವಶಪಡಿಸಿಕೊಂಡನು. ಜೂನ್ ತಿಂಗಳಲ್ಲಿ ಹೂಮೆನ್ ಎಂಬಲ್ಲಿ ಹೊಂಡಗಳನ್ನು ತೋಡಿಸಿ, ಉಪ್ಪು ಸುಣ್ಣಗಳೊಡನೆ ಕರಗಿಸಿ, ಆ ರಾಡಿಯನ್ನು ಕಡಲಿಗೆ ಬಿಡಿಸಿದನು. ಕಡಲು ಮಲಿನವಾಗುವುದೆಂದು ಸಮುದ್ರದೇವತೆಯಲ್ಲಿ ಮುಂಚೆಯೇ ಕ್ಷಮೆ ಬೇಡಿದ್ದನು.

ಆ ಪೆಟ್ಟಿಗೆಗಳು ಹುಟ್ಟಿದ್ದು ಭಾರತದಲ್ಲಿ. ಬಿಹಾರ, ಕಾಶೀ ಪ್ರಾಂತಗಳ ರೈತನಿಗೆ ಈಸ್ಟ್ ಇಂಡಿಯಾ ಕಂಪೆನಿಯು ಮುಂಗಡ ಕೊಟ್ಟು, ಗಸಗಸೆಯನ್ನು ಬೆಳೆಸಿ, ತಾನೇ ಗೊತ್ತುಮಾಡಿದ ಬೆಲೆಗೆ ರಸವನ್ನು ಕೊಳ್ಳುತ್ತಿತ್ತು. ಬಳಿಕ ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿತ್ತು. ಚೀನಾಕ್ಕೆ ಒಯ್ಯುವವರು ಖಾಸಗಿ ವರ್ತಕರು. ಕಂಪೆನಿಯ ಹಡಗಿನಲ್ಲಿ ಒಂದು ಪೆಟ್ಟಿಗೆಯೂ ಇಲ್ಲ! ರೈತನು ಕಂಪೆನಿಯನ್ನು, ಕಂಪೆನಿಯು ವರ್ತಕನನ್ನು, ವರ್ತಕನು ಕೊಳ್ಳುವವನನ್ನು ತೋರಿಸಬಹುದಾಗಿತ್ತು. ಇವರಲ್ಲಿ ರೈತನ ಮಾತೊಂದೇ ನಿಜಕ್ಕೆ ಹತ್ತಿರ. ಮುಂಗಡದ ಸಾಲಕ್ಕೆ ಸಿಕ್ಕಿದವನಿಗೆ ಬೇರೆ ಬೆಳೆಯ ಸ್ವಾತಂತ್ರ್ಯವೆಲ್ಲಿಯದು?

ಮುಂಬಯಿಯ ಸರ್ ಜಮ್ಶೇಟ್‌ಜಿ ಜೀಜೀಭಾಯಿ (1783–1859) ಅವರ ವಿಷಯ ಇನ್ನೂ ಸೂಕ್ಷ್ಮವಾದುದು. ಚೀನಾದೊಡನೆ ಹತ್ತಿ ಹಾಗೂ ಅಫೀಮಿನ ವ್ಯಾಪಾರದಿಂದ ಅಪಾರ ಸಂಪತ್ತನ್ನು ಗಳಿಸಿದ ಈ ಮಹನೀಯರು ಆಸ್ಪತ್ರೆಗೂ ಕಲಾಶಾಲೆಗೂ ಉದಾರವಾಗಿ ದಾನಮಾಡಿದರು. ಅವು ಇಂದಿಗೂ ಅವರ ಹೆಸರಿನಲ್ಲಿವೆ. ಅಸಂಖ್ಯರು ಅಲ್ಲಿ ಗುಣಹೊಂದಿದ್ದಾರೆ, ಕಲಿತಿದ್ದಾರೆ. ಆದರೆ ಶರಣರು ದಾಸೋಹವನ್ನು ಕಾಯಕದಿಂದ ಬೇರ್ಪಡಿಸಲಿಲ್ಲ. ಸತ್ಯಶುದ್ಧ ಕಾಯಕದಿಂದ ಬಂದುದೇ ಲಿಂಗಜಂಗಮಕ್ಕೆ ಸಲ್ಲತಕ್ಕದ್ದೆಂದು ನಿಷ್ಠುರವಾಗಿ ಹೇಳಿದರು. ಕೊಡುವಾಗಿನ ಪುಣ್ಯವು ಗಳಿಸಿದಾಗಿನ ಪಾಪವನ್ನು ತೊಳೆಯುವುದೆಂಬ ನಂಬಿಕೆಗೆ ಅಲ್ಲಿ ಎಡೆಯಿಲ್ಲ. ಆ ದಾನಿಯ ಕಾಲದಲ್ಲಿ ಈ ವ್ಯಾಪಾರವು ಲೋಕಮಾನ್ಯವಾಗಿತ್ತೆಂಬ ಸಮಾಧಾನವುಂಟು. ಆದರೆ ಅದು ಲೋಕಮಾನ್ಯವಾಗಿದ್ದುದು ಮುಂಬಯಿಯಲ್ಲಿ; ಸರಕು ಇಳಿಯುವ ನಾಡಿನಲ್ಲಿ ಅದು ರಾಜದಂಡನೆಗೆ ಗುರಿಯಾಗುವ ಅಪರಾಧವಾಗಿತ್ತು, ಮತ್ತು ವರ್ತಕರೆಲ್ಲರೂ ಅದನ್ನು ಬಲ್ಲವರಾಗಿದ್ದರು.

ಲಿನ್ ಕೈಗೊಂಡ ಕ್ರಮದ ಪರಿಣಾಮವು ಯುದ್ಧವಾಗಿ ಬಂದಿತು. ಸೋತ ಚೀನಾ 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗನ್ನು ಬಿಟ್ಟುಕೊಟ್ಟಿತು. 2 ಕೋಟಿ 10 ಲಕ್ಷ ಬೆಳ್ಳಿಯ ಡಾಲರುಗಳನ್ನೂ ತೆರಬೇಕಾಯಿತು. ಅದರಲ್ಲಿ 60 ಲಕ್ಷ ನಾಶವಾದ ಅಫೀಮಿನ ಬೆಲೆ. ಲಿನ್ ಪಶ್ಚಿಮದ ಗಡಿನಾಡಾದ ಇಲಿಗೆ ಗಡೀಪಾರಾದನು. 1858ರಲ್ಲಿ ಅಫೀಮಿನ ಆಮದು ಸಕ್ರಮಗೊಂಡು ಅದಕ್ಕೆ ಸುಂಕವೂ ಗೊತ್ತಾಯಿತು. ಷು ನೈಜಿಯ ಸಲಹೆ ಇಪ್ಪತ್ತೆರಡು ವರ್ಷಗಳ ತರುವಾಯ ಪರರ ಫಿರಂಗಿಯ ನೆರಳಿನಲ್ಲಿ ನೆರವೇರಿತು.