ನರ ಮುಟ್ಟದ ಸ್ನಾಯು

ಮಕ್ಕಳೇ, ಬಲಗೈ ಬೆರಳುಗಳನ್ನು ಮಡಿಸಿ. ಮಿದುಳಿನ ಆದೇಶವು ನರದ ಮೂಲಕ ವಿದ್ಯುತ್ ಸಂಕೇತವಾಗಿ ಬಂದು ಸ್ನಾಯುವನ್ನು ಎಳೆಯಿತು. (ಆ ಸ್ನಾಯು ಇರುವುದು ಬೆರಳಿನಲ್ಲಲ್ಲ, ಮೊಣಕೈ ಮತ್ತು ಮಣಿಕಟ್ಟಿನ ನಡುವೆ. ಎಡಗೈಯಿಂದ ಮುಟ್ಟಿ ನೋಡಿ!)

ಆದರೆ ನರವು ಸ್ನಾಯುವನ್ನು ಮುಟ್ಟಿರುವುದೇ ಇಲ್ಲ. ನಡುವೆ ಒಂದು ಸಂದು ಇದೆ. ಒಂದು ಮಿಲಿಮೀಟರನ್ನು 20,000 ಪಾಲು ಮಾಡಿದರೆ ಸುಮಾರು ಒಂದು ಪಾಲಿನಷ್ಟು! ವಿದ್ಯುತ್ ಸಂಕೇತ ಇದನ್ನು ದಾಟಲಾರದು. ಆಗ ನರದ ತುದಿಯು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಹೊರಬಿಡುತ್ತದೆ. ಅದು ಸಂದನ್ನು ದಾಟಿ, ಸ್ನಾಯುಕೋಶದ ಮೇಲಿರುವ ಗ್ರಾಹಕಗಳನ್ನು ಸೇರಿದೊಡನೆ ಸ್ನಾಯು ಸಂಕುಚಿಸುತ್ತದೆ.

ನಾಗರಹಾವಿನ ವಿಷ ಕೆಲಸ ಮಾಡುವುದು ಇಲ್ಲಿಯೇ. ಅದು ಗ್ರಾಹಕಗಳ ಮೇಲೆ ತಾನೇ ಕುಳಿತುಬಿಡುತ್ತದೆ. ಮೊದಲು ಕಣ್ಣಿನ ರೆಪ್ಪೆಗಳು ಜೋತುಬೀಳುತ್ತವೆ. ಉಸಿರಾಟದ ಸ್ನಾಯುಗಳಿಗೂ ಆದೇಶ ತಲುಪದಿದ್ದರೆ ಪ್ರಾಣಕ್ಕೇ ಅಪಾಯ. ಕಚ್ಚಿಸಿಕೊಂಡವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಿದರೆ, ಪ್ರತಿವಿಷ ಕೊಟ್ಟು, ಅಗತ್ಯವಿದ್ದರೆ ಯಂತ್ರದ ಮೂಲಕ ಉಸಿರಾಡಿಸುತ್ತಾರೆ.